ಹೈಸ್ಕೂಲ್ ಮಕ್ಕಳಿಗೆ ಅವರವರ ಆಸಕ್ತಿ ಹಿಡಿದು ಕಲಿಸೋದು: ಎಸ್ಸೆಸ್ಸೆಲ್ಸಿಯ ಆಂತರಿಕ 20 ಅಂಕದಲ್ಲಿ ನಾನು ಮಾಡಿ ನೋಡಿದ್ದು

ವಿಜ್ಞಾನದ ಮೇಷ್ಟ್ರು (ಚನ್ನಗಿರಿ ಕಡೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಗಣಿತದವರು ರಜೆ ಹಾಕಿದ ದಿನ ಗಣಿತವೂ ನನ್ನದೇ. ಇಲ್ಲಿ ಬಹಳ ದಿನದಿಂದ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಎರಡು ವರ್ಷದ ಹಿಂದಿನ ಮಾತು. ಹತ್ತನೇ ಕ್ಲಾಸಿಗೆ ವಿದ್ಯುಚ್ಛಕ್ತಿ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ಓಮನ ನಿಯಮ ಬರೆದು, ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಕೊನೇ ಬೆಂಚಿನಿಂದ ಒಬ್ಬ ಹುಡುಗ 'ಸುಳ್ಳು ಸಾ' ಅಂದ. ಕ್ಲಾಸೆಲ್ಲ ನಕ್ಕಿತು. ಅವನು ಸ್ಕೂಲು ಬಿಟ್ಟ ಮೇಲೆ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂರುವವನು. ಬೆರಳಲ್ಲಿ ಯಾವಾಗಲೂ ವಾರ್ನಿಷ್ ವಾಸನೆ. ವಿಜ್ಞಾನದಲ್ಲಿ 80ಕ್ಕೆ 14 ತೆಗೆಯುತ್ತಿದ್ದ.

'ವೋಲ್ಟೇಜ್ ಕಮ್ಮಿ ಬಂದಾಗ್ಲೇ ಸಾ ಮೋಟ್ರು ಸುಡೋದು. ಕರೆಂಟ್ ಕಮ್ಮಿ ಎಳೆದ್ರೆ ಯಾಕೆ ಸುಡುತ್ತೆ?'

ನನಗೆ ಉತ್ತರ ಬರಲಿಲ್ಲ. ನಾಳೆ ಹೇಳ್ತೀನಿ ಕೂತ್ಕೋ ಅಂದೆ. ಮನೆಗೆ ಹೋಗಿ ಅಟ್ಟದಿಂದ ಡಿಗ್ರಿ ಪುಸ್ತಕ ಇಳಿಸಿದೆ. ವಿಷಯ ಇಷ್ಟೇ: ಓಮನ ನಿಯಮ ಹೀಟರ್ ಕಾಯಿಲ್‌ನಂಥದ್ದಕ್ಕೆ ಸರಿ. ಓಡುತ್ತಿರುವ ಪಂಪಿನ ಮೋಟರಿಗೆ ಅದನ್ನು ಹಾಗೇ ಹಚ್ಚೋಕೆ ಆಗಲ್ಲ. ಬೋರಿನ ಆಳ ಅಷ್ಟೇ, ಎತ್ತಬೇಕಾದ ನೀರೂ ಹೆಚ್ಚುಕಮ್ಮಿ ಅಷ್ಟೇ. ವೋಲ್ಟೇಜ್ ಇಳಿದಾಗ ಮೋಟರ್ ಸ್ವಲ್ಪ ನಿಧಾನ ಆಗಿ, ಅದೇ ಕೆಲಸ ಮುಗಿಸೋಕೆ ಜಾಸ್ತಿ ಆಂಪ್ಸ್ ಎಳೆಯುತ್ತದೆ. ಬಿಸಿ ಏರುವುದು ಆಂಪ್ಸಿನ ವರ್ಗಕ್ಕೆ ತಕ್ಕ ಹಾಗೆ.

ಮರುದಿನ ಇದನ್ನು ಹೇಳಿದೆ. ಅವನು ನಂಬಲಿಲ್ಲ. ಸರಿ, ನಿಮ್ಮ ತೋಟದ ಸ್ಟಾರ್ಟರ್ ಪೆಟ್ಟಿಗೆ ಮೇಲೆ ಎರಡು ಮೀಟರ್ ಇದೆಯಲ್ಲ, ಮೂರು ಫೇಸ್ ಬಂದಾಗಲೆಲ್ಲ ಅದರ ಮುಳ್ಳು ನೋಡಿ ಬರ್ಕೊಂಡು ಬಾ ಅಂದೆ. ಪೆಟ್ಟಿಗೆ ತೆಗೆಯಬಾರದು, ಮುಟ್ಟಬಾರದು, ಬರೀ ನೋಡಬೇಕು ಅಂತ ಎರಡೆರಡು ಸಲ ಹೇಳಿದ್ದೆ. ಇಪ್ಪತ್ತು ದಿನ ಬರೆದ. ಅವರದ್ದು 5 ಎಚ್‌ಪಿ ಮೋಟರ್. 410 ವೋಲ್ಟ್ ಇದ್ದಾಗ 8 ಆಂಪ್ಸ್. ಸಂಜೆ ಎಲ್ಲರೂ ಮೋಟರ್ ಹಾಕಿ ವೋಲ್ಟೇಜ್ 340ಕ್ಕೆ ಬಿದ್ದಾಗ 10 ಆಂಪ್ಸ್. ನಾನು ಏನೂ ಹೇಳಲಿಲ್ಲ. ಅವನೇ 10ರ ವರ್ಗ 100, 8ರ ವರ್ಗ 64 ಅಂತ ಭಾಗಿಸಿ, 'ಒಂದೂವರೆ ಪಟ್ಟಿಗೂ ಜಾಸ್ತಿ ಬಿಸಿ ಸಾ' ಅಂದ. ಅಷ್ಟು ದಿನ ಅವನ ನೋಟ್ಸಿನಲ್ಲಿ ಸತ್ತು ಬಿದ್ದಿದ್ದ ಜೌಲನ ನಿಯಮ ಅದು.

ಈಗ ನನ್ನ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ವಿಷಯಕ್ಕೆ 80 ಪರೀಕ್ಷೆಗೆ, 20 ಆಂತರಿಕ. ಮೊದಲ ಭಾಷೆಗೆ 25. ಎಲ್ಲ ಸೇರಿದರೆ 625ರಲ್ಲಿ 125 ಅಂಕ ನಮ್ಮ ಕೈಯಲ್ಲೇ ಇದೆ. ಅದನ್ನು ನಾವು ಏನು ಮಾಡುತ್ತಿದ್ದೇವೆ? ಸೈಬರ್ ಅಂಗಡಿಯ ಪ್ರಿಂಟೌಟು, ಥರ್ಮಾಕೋಲ್ ಜ್ವಾಲಾಮುಖಿ, ಕಳೆದ ವರ್ಷದ ಅಣ್ಣನ ಚಾರ್ಟಿಗೆ ಹೊಸ ಹೆಸರು. ಆ 20ರ ಒಳಗೆ ಪ್ರತಿ ಮಗುವಿಗೂ ಅದರದ್ದೇ ಒಂದು ಪ್ರಶ್ನೆ ಕೊಡಬಹುದಲ್ವಾ? ಬೇರೆ ಸಿಲಬಸ್ ಬೇಡ, ಬೇರೆ ಆದೇಶವೂ ಬೇಡ. ಹೀಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ತುಮಕೂರಿನ ಸಹಶಿಕ್ಷಕ

ಸರ್, ಕಥೆ ಚೆನ್ನಾಗಿದೆ. ಬೇಜಾರು ಮಾಡ್ಕೋಬೇಡಿ, ಒಬ್ಬ ಹುಡುಗನ ಕಥೆ ಎಲ್ಲರ ಹತ್ತಿರವೂ ಒಂದೊಂದು ಇರುತ್ತದೆ. ನನ್ನ ಕ್ಲಾಸಿನಲ್ಲಿ 58 ಮಕ್ಕಳು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ. ನಡುವೆ ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಸ್ಯಾಟ್ಸ್ (ಮಕ್ಕಳ ಮಾಹಿತಿಯ ಸರ್ಕಾರಿ ಪೋರ್ಟಲ್) ಎಂಟ್ರಿ. ಡಿಸೆಂಬರ್ ಬಂತೆಂದರೆ ಪಾಸಿಂಗ್ ಪ್ಯಾಕೇಜ್ ಹಿಡಿದು ಕೂರಬೇಕು. ಯಾವ ಚಿತ್ರ ಬರೆದರೆ ಎಷ್ಟು ಅಂಕ, ಯಾವ ಪಾಠ ಬಿಟ್ಟರೂ ನಡೆಯುತ್ತದೆ, ಇದೇ ಮಾತು. ಬಿಇಓ ಮೀಟಿಂಗಿನಲ್ಲಿ ಕೇಳೋದು ಶೇಕಡಾ ಎಷ್ಟು ಅಂತ. ಯಾವ ಮಗುವಿಗೆ ಏನು ಇಷ್ಟ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

58 ಮಕ್ಕಳಿಗೆ 58 ಪ್ರಾಜೆಕ್ಟ್ ಅಂದರೆ ನಾನು ಮನೆಗೆ ಹೋಗೋದು ಯಾವಾಗ? ಇನ್ನೊಂದು, ಆ ಹುಡುಗನನ್ನ ಇನ್‌ಸ್ಪೈರ್ ಅವಾರ್ಡಿಗೆ (ಮಕ್ಕಳ ವಿಜ್ಞಾನದ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡೋದು) ಯಾಕೆ ಕಳಿಸಲಿಲ್ಲ? ಆಯ್ಕೆ ಆಗಿದ್ದರೆ 10,000 ರೂಪಾಯಿ ಬರುತ್ತಿತ್ತು.

ವಿಜ್ಞಾನದ ಮೇಷ್ಟ್ರು

ಸರ್, ಪ್ಯಾಕೇಜ್ ನಾನೂ ಮಾಡುತ್ತೇನೆ. ಮಾಡದೇ ಇದ್ದರೆ ಕೆಲವು ಮಕ್ಕಳು ನಿಜವಾಗಿಯೂ ಫೇಲ್ ಆಗುತ್ತವೆ.

ಇನ್‌ಸ್ಪೈರ್‌ಗೆ ಹೊಸ ಐಡಿಯಾ ಬೇಕು. ಇವನದ್ದು ಹೊಸದೇನಲ್ಲ. ನೂರು ವರ್ಷದಿಂದ ಗೊತ್ತಿರುವುದನ್ನು ಅವನು ತಾನೇ ಅರ್ಥ ಮಾಡಿಕೊಂಡ, ಅಷ್ಟೇ. ಅದಕ್ಕೆ ಬಹುಮಾನ ಇಲ್ಲ. ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಏನಾದರೂ ಕಂಡುಹಿಡಿಯಲೇಬೇಕು ಅನ್ನೋ ಹುಚ್ಚು ಜಾಸ್ತಿ ಆಗಿದೆ. ಅದರಿಂದಲೇ ಥರ್ಮಾಕೋಲ್ ಖರ್ಚು.

43 ಮಕ್ಕಳನ್ನು ಒಟ್ಟಿಗೆ ಹಿಡಿಯೋಕೆ ನನಗೂ ಆಗಲಿಲ್ಲ. ಮೊದಲ ವರ್ಷ ಒಂದು ತಪ್ಪು ಮಾಡಿದೆ. ಎಲ್ಲರಿಗೂ ಚೀಟಿ ಕೊಟ್ಟು 'ನಿನ್ನ ಆಸಕ್ತಿ ಏನು?' ಅಂತ ಬರೆಸಿದೆ. ಕ್ರಿಕೆಟ್, ಕ್ರಿಕೆಟ್, ಕ್ರಿಕೆಟ್, ಟಿವಿ ನೋಡುವುದು, ಫ್ರೀ ಫೈರ್, ಪುಸ್ತಕ ಓದುವುದು (ಇದು ಪಕ್ಕಾ ಸುಳ್ಳು). ಹನ್ನೊಂದು ಚೀಟಿ ಖಾಲಿ. ಆಸಕ್ತಿ ಅನ್ನೋದು ಮಕ್ಕಳ ಜೇಬಿನಲ್ಲಿ ರೆಡಿ ಇರುತ್ತದೆ ಅಂದುಕೊಂಡಿದ್ದೆ.

ಮುಂದಿನ ವರ್ಷ ಪ್ರಶ್ನೆ ಬದಲಿಸಿದೆ. 'ನಿಮ್ಮ ಮನೆಯಲ್ಲಿ ಪದೇ ಪದೇ ಕೆಡೋದು ಏನು? ನಿನಗೆ ಸಿಟ್ಟು ಬರಿಸೋದು ಏನು?' ಚೀಟಿ ಸಾಲದೆ ಹಿಂದೆ ಮುಂದೆ ಬರೆದರು. ಇಡ್ಲಿ ಹಿಟ್ಟು ಚಳಿಗಾಲದಲ್ಲಿ ಉಬ್ಬಲ್ಲ. ಅಡಿಕೆ ಕಾಯಿ ಉದುರುತ್ತೆ. ನೀರಿನ ಟ್ಯಾಂಕಿನಲ್ಲಿ ಬಿಳಿ ಪುಡಿ ಕೂರುತ್ತೆ. ಅಜ್ಜಿ ಕಣ್ಣಿಗೆ ದೂರದ್ದು ಕಾಣುತ್ತೆ, ಹತ್ತಿರದ್ದು ಕಾಣಲ್ಲ. ಇವುಗಳಲ್ಲಿ ಅರ್ಧಕ್ಕರ್ಧ ಪುಸ್ತಕದಲ್ಲೇ ಇದೆ. ಆಮ್ಲ ಪ್ರತ್ಯಾಮ್ಲ, ಮಾನವನ ಕಣ್ಣು, ಪಾಠ ಪಾಠವೇ ಎದ್ದು ಬಂತು. ರಾಶಿ ಹಾಕಿದರೆ ಒಂಬತ್ತು ಗುಂಪು ಆಯಿತು. ಗುಂಪಿಗೆ ಒಂದು ನೋಟ್‌ಬುಕ್ಕು, ಶನಿವಾರ ಕೊನೇ ಪೀರಿಯಡ್. ನಿಜ ಹೇಳಬೇಕೆಂದರೆ ಒಂಬತ್ತರಲ್ಲಿ ಐದು ಗುಂಪು ಕೊನೆವರೆಗೆ ಹೋದವು. ಉಳಿದವರಿಂದ ಚಾರ್ಟನ್ನೇ ತಗೊಂಡೆ.

ಬೆಂಗಳೂರಿನ ಅಮ್ಮ

ಇದನ್ನು ಓದಿ ಹೊಟ್ಟೆ ಉರಿಯಿತು ಸರ್. ನಾವು ಮಗಳನ್ನು ಹಾಕಿರುವ ಪ್ರೈವೇಟ್ ಸ್ಕೂಲಿನ ಬ್ರೋಶರ್‌ನಲ್ಲಿ 'ಪರ್ಸನಲೈಸ್ಡ್ ಲರ್ನಿಂಗ್' ಅಂತ ಮೂರು ಕಡೆ ಇತ್ತು. ಹೆಸರು ಬೇಡ. ಫೀಸಿನ ಜೊತೆ ಟ್ಯಾಬಿಗೆ ಬೇರೆ ದುಡ್ಡು. ಅದರಲ್ಲಿ ಒಂದು ಆಪ್. ಸರಿ ಉತ್ತರ ಕೊಟ್ಟರೆ ಮುಂದಿನ ವಿಡಿಯೋ, ತಪ್ಪಾದರೆ ಅದೇ ಥರದ ಇನ್ನೊಂದು ಲೆಕ್ಕ. ಎಲ್ಲರೂ ಹೋಗೋದು ಒಂದೇ ರಸ್ತೆಯಲ್ಲಿ. ಒಬ್ಬರು ಬೇಗ, ಒಬ್ಬರು ನಿಧಾನ, ಅಷ್ಟೇ ವ್ಯತ್ಯಾಸ.

ನನ್ನ ಮಗಳಿಗೆ ಹಕ್ಕಿ ಅಂದರೆ ಪ್ರಾಣ. ಒಂಬತ್ತನೇ ಕ್ಲಾಸು. ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ರಾಜಕಾಲುವೆ ಹತ್ತಿರ ಬರುವ ಹದ್ದುಗಳನ್ನು ದಿನಾ ಎಣಿಸುತ್ತಾಳೆ. ಅದನ್ನು ಟೀಚರಿಗೆ ತೋರಿಸಿದರೆ 'ವೆರಿ ನೈಸ್, ಬಟ್ ಫಿನಿಶ್ ಯುವರ್ ಮಾಡ್ಯೂಲ್' ಅಂದರಂತೆ.

ಹಾಸನದ ಗಣಿತ ಮೇಡಂ

ನಾನೂ ಒಂದು ಹೇಳ್ತೀನಿ, ನಗಬೇಡಿ. ನನ್ನ ಕ್ಲಾಸಿನಲ್ಲಿ ಒಂದು ಹುಡುಗಿ ಗಣಿತದ ನೋಟ್ಸಿನ ಹಿಂದಿನ ಪುಟದಲ್ಲೆಲ್ಲ ಚುಕ್ಕಿ ರಂಗೋಲಿ ಹಾಕುತ್ತಿದ್ದಳು. ಒಂದೆರಡು ಸಲ ಬೈದೆ. ಆಮೇಲೆ ಸಮಾಂತರ ಶ್ರೇಢಿ ಪಾಠ ಬಂದಾಗ ಅವಳನ್ನೇ ಕರೆದು ಕೇಳಿದೆ: 15ರಿಂದ 8, ಸಂದು ಚುಕ್ಕಿ. ಒಟ್ಟು ಎಷ್ಟು ಚುಕ್ಕಿ? ಎಣಿಸಬಾರದು.

ನಡುವಿನ ಸಾಲು 15. ಮೇಲೆ 14, 13 ಅಂತ ಇಳಿದು 8ಕ್ಕೆ ನಿಲ್ಲುತ್ತದೆ. ಕೆಳಗೂ ಅಷ್ಟೇ. 8ರಿಂದ 14ರವರೆಗೆ ಏಳು ಪದ, ಮೊತ್ತ 77. ಎರಡು ಸಲ ತಗೊಂಡರೆ 154, ಜೊತೆಗೆ ನಡುವಿನ 15. ಒಟ್ಟು 169. ಅವಳು ಸುಮ್ಮನಾಗಲಿಲ್ಲ. 'ಮಿಸ್, 169 ಅಂದ್ರೆ 13ರ ವರ್ಗ, ಯಾವಾಗಲೂ ವರ್ಗವೇ ಬರುತ್ತಾ?' ಅಂದಳು. ನಾನು ಕೇಳಿದ್ದಕ್ಕಿಂತ ಒಳ್ಳೆ ಪ್ರಶ್ನೆ. ಮನೆಗೆ ಹೋಗಿ ಮಾಡ್ಕೊಂಡು ಬಾ ಅಂದೆ. ಮರುದಿನ ತಂದಳು. 9ರಿಂದ 5ಕ್ಕೆ 61, 11ರಿಂದ 6ಕ್ಕೆ 91, 13ರಿಂದ 7ಕ್ಕೆ 127. ಯಾವುದೂ ವರ್ಗ ಅಲ್ಲ. ಆದರೆ ಒಂದರಿಂದ ಒಂದು ಕಳೆದು ನೋಡಿ: 30, 36, 42. ಅದೇ ಒಂದು ಸಮಾಂತರ ಶ್ರೇಢಿ! ಇದನ್ನು ನಾನು ಹೇಳಿಕೊಟ್ಟಿಲ್ಲ. ನಿಜ ಹೇಳ್ತೀನಿ, ನನಗೇ ಗೊತ್ತಿರಲಿಲ್ಲ.

ತುಮಕೂರಿನ ಸಹಶಿಕ್ಷಕ

ಮೇಡಂ, 80ರಲ್ಲಿ ರಂಗೋಲಿ ಕೇಳಲ್ಲ.

ಹಾಸನದ ಗಣಿತ ಮೇಡಂ

ಕೇಳಲ್ಲ ಸರ್. ಶ್ರೇಢಿಯ ಮೊತ್ತ ಕೇಳುತ್ತಾರೆ. ಅವಳು ಬಿಡಿಸಿದಳು.

ಹೊಲಿಗೆ ಬಿಟ್ಟವಳು

ಎಲ್ಲರೂ ಖುಷಿಯಾಗಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬರು ಮೇಡಂ ನನ್ನ 'ಆಸಕ್ತಿ' ಗುರುತಿಸಿದರು. ನಮ್ಮಮ್ಮ ಬ್ಲೌಸ್ ಹೊಲಿಯುತ್ತಿದ್ದರು, ನಾನು ಹುಕ್ಸು ಹಾಕಿ ಕೊಡುತ್ತಿದ್ದೆ. 'ನಿನಗೆ ಹೊಲಿಗೆ ಎಷ್ಟು ಚೆನ್ನಾಗಿ ಬರುತ್ತೆ, ಅದನ್ನೇ ಹಿಡಿ' ಅಂದರು. ಪ್ರೀತಿಯಿಂದಲೇ ಅಂದರು. ಅದೇ ಕ್ಲಾಸಿನ ಲಾಯರ್ ಮಗಳಿಗೆ ಯಾರೂ ಹಾಗೆ ಹೇಳಲಿಲ್ಲ. ಅವಳಿಗೆ ಸೈನ್ಸ್ ತಗೋ ಅಂದರು. ನನಗೆ ಹೊಲಿಗೆ ಇಷ್ಟ ಇರಲಿಲ್ಲ, ಅಭ್ಯಾಸ ಇತ್ತು. ಎರಡೂ ಬೇರೆ ಅಲ್ವಾ? ನನಗೆ ಲೆಕ್ಕ ಬರುತ್ತದೆ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ, ಒಂದು ಅಂಗಡಿಯಲ್ಲಿ ಅಕೌಂಟ್ಸ್ ಬರೆಯೋಕೆ ಕೂತಾಗ.

ಮೋಟರ್ ಹುಡುಗನಿಗೆ ಮೋಟರ್, ರಂಗೋಲಿ ಹುಡುಗಿಗೆ ರಂಗೋಲಿ. ಬಡವರ ಮನೆ ಮಕ್ಕಳ ಆಸಕ್ತಿ ಯಾವಾಗಲೂ ಅವರ ಅಪ್ಪ ಅಮ್ಮನ ಕೆಲಸದಲ್ಲೇ ಯಾಕೆ ಸಿಗುತ್ತದೆ?

ಪುತ್ತೂರಿನ ಹಳಬರು

ಈ ತಂಗಿ ಕೇಳಿದ್ದು ಸರಿಯಾದ ಪ್ರಶ್ನೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಮುಖ್ಯಮಂತ್ರಿ ಆಗಿದ್ದಾಗ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ಅರ್ಧ ದಿನ ಪಾಠ. ಉಳಿದ ಹೊತ್ತು ಮಗು ಮನೆಯ ಕಸುಬು ಕಲಿಯಬೇಕು. ಆಗ ನಮ್ಮ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯದಲ್ಲೇ ಇತ್ತು. ಇದು ಕುಲಕಸುಬಿನ ಶಿಕ್ಷಣ, ಜಾತಿಯನ್ನೇ ಗಟ್ಟಿ ಮಾಡುತ್ತದೆ ಅಂತ ದೊಡ್ಡ ಗಲಾಟೆ ಆಯಿತು. 1954ರಲ್ಲಿ ಕಾಮರಾಜರು ಬಂದು ಅದನ್ನು ತೆಗೆದುಹಾಕಿದರು. ಕೈಕೆಲಸದ ಮೂಲಕ ಕಲಿಕೆ ಅಂತ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ್ದೇ ಬೇರೆ, ಇದು ಆಗಿದ್ದೇ ಬೇರೆ. ಆದರೆ ಒಂದು ಇನ್ನೊಂದಾಗಲು ಹೆಚ್ಚು ಹೊತ್ತು ಬೇಡ ನೋಡಿ.

ವಿಜ್ಞಾನದ ಮೇಷ್ಟ್ರು

ಅಕ್ಕಾ, ನಿಮ್ಮ ಮಾತು ಎರಡು ದಿನ ತಲೆಯಲ್ಲಿ ಕೂತಿತ್ತು. ಅದಕ್ಕೇ ತಡವಾಗಿ ಉತ್ತರ.

ಒಪ್ಪಿದೆ. ಆ ಹುಡುಗನನ್ನು ನಾನು ವೈಂಡಿಂಗ್ ಅಂಗಡಿಯಿಂದ ಜೌಲನ ನಿಯಮಕ್ಕೆ ಕರ್ಕೊಂಡು ಬಂದೆ, ವಾಪಸ್ ಅಂಗಡಿಗೆ ಕಳಿಸಲಿಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದು. ಆದರೆ ನನ್ನ 'ಮನೆಯಲ್ಲಿ ಏನು ಕೆಡುತ್ತೆ' ಅನ್ನೋ ಪ್ರಶ್ನೆಯಲ್ಲೇ ಮನೆ ಇದೆ. ಮನೆಯಲ್ಲಿ ಇಲ್ಲದ್ದು ಆ ಚೀಟಿಯಲ್ಲಿ ಬರೋದೇ ಇಲ್ಲ. ನನ್ನ 43 ಚೀಟಿಯಲ್ಲಿ ಒಂದರಲ್ಲೂ ನಕ್ಷತ್ರ ಇರಲಿಲ್ಲ, ಸಮುದ್ರ ಇರಲಿಲ್ಲ. ನೋಡದೇ ಇದ್ದದ್ದನ್ನು ಮಕ್ಕಳು ಕೇಳೋದು ಹೇಗೆ? ಹಿಂದಿನ ಶಾಲೆಗೆ ಅಗಸ್ತ್ಯ ಫೌಂಡೇಶನ್ನಿನ ವಿಜ್ಞಾನದ ವ್ಯಾನ್ ಬಂದಾಗ ನೋಡಿದ್ದೇನೆ, ಮಸೂರ ಕೈಗೆ ಸಿಕ್ಕಿದ ಮೇಲೆ ಹುಟ್ಟುವ ಪ್ರಶ್ನೆಗಳೇ ಬೇರೆ. ಈ ವರ್ಷ ಎರಡು ಚೀಟಿ ಮಾಡುತ್ತೇನೆ. ಒಂದು ಮನೆಯದು. ಇನ್ನೊಂದನ್ನು ಹೇಗೆ ಕೇಳಬೇಕು ಅಂತ ಇನ್ನೂ ಹೊಳೆದಿಲ್ಲ.

ಅಮೆರಿಕದಲ್ಲಿರುವ ಧಾರವಾಡದವನು

ನಾನಿರುವ ಕಡೆಯಿಂದ ಒಂದು ಗಂಟೆ ದಾರಿ, ಪ್ರಾವಿಡೆನ್ಸ್ ಅಂತ ಊರು. ಅಲ್ಲಿ ಮೆಟ್ ಅಂತ ಒಂದು ಸರ್ಕಾರಿ ಹೈಸ್ಕೂಲ್ ಇದೆ, 1996ರಲ್ಲಿ ಶುರುವಾದದ್ದು. ವಾರದಲ್ಲಿ ಎರಡು ದಿನ ಮಕ್ಕಳು ಶಾಲೆಗೆ ಬರೋದೇ ಇಲ್ಲ. ಆಸ್ಪತ್ರೆ, ಗ್ಯಾರೇಜು, ಬೇಕರಿ, ಎಲ್ಲಿ ಮನಸ್ಸಿದೆಯೋ ಅಲ್ಲಿ ಹೋಗಿ ಕಲಿಯುತ್ತಾರೆ. ಪರೀಕ್ಷೆಯ ಜಾಗದಲ್ಲಿ, ಕಲಿತಿದ್ದನ್ನು ಎಲ್ಲರ ಮುಂದೆ ನಿಂತು ತೋರಿಸಬೇಕು.

ಗುಟ್ಟು ಅದಲ್ಲ. ಹದಿನೈದು ಹದಿನಾರು ಮಕ್ಕಳಿಗೆ ಒಬ್ಬ ಶಿಕ್ಷಕ, ನಾಲ್ಕು ವರ್ಷವೂ ಅದೇ ಶಿಕ್ಷಕ. ತುಮಕೂರಿನ ಸರ್ 58 ಅಂದಾಗ ನನಗೆ ನೆನಪಾಗಿದ್ದು ಅದೇ. ನಮ್ಮ 2020ರ ಶಿಕ್ಷಣ ನೀತಿಯಲ್ಲೂ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಹೋಗಿ ಕಲಿಯಬೇಕು ಅಂತ ಇದೆ. ಆದರೆ ಅದು 6ರಿಂದ 8ನೇ ಕ್ಲಾಸಿಗೆ. ಒಂಬತ್ತಕ್ಕೆ ಬಂದ ಕೂಡಲೇ ಬ್ಯಾಗು ವಾಪಸ್ ಹೆಗಲಿಗೆ.

ಮೈಸೂರಿನ ಅಪ್ಪ

ಶಾಲೆಯೇ ಬಿಟ್ಟು ಮಾಡಿದವರು ನಾವು. ಮಗನಿಗೆ ಮೃದಂಗದ ಹುಚ್ಚು. ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ಪರೀಕ್ಷೆ ಕಟ್ಟಿಸಿದೆವು. 14 ವರ್ಷ ತುಂಬಿರಬೇಕು, ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಮುಗಿಸೋಕೆ ಐದು ವರ್ಷ, ಒಂಬತ್ತು ಅವಕಾಶ. ವಿಜ್ಞಾನ ಒಂದು ಸಲ, ಗಣಿತ ಇನ್ನೊಂದು ಸಲ ಅಂತ ಬಿಡಿಬಿಡಿಯಾಗಿ ಬರೆಯಬಹುದು. ಅನುಕೂಲವೇ. ಆದರೆ ಮಗ ಒಂಟಿ ಆದ. ಸಂಜೆ ಪಕ್ಕದ ಬೀದಿ ಹುಡುಗರು ಸ್ಕೂಲಿನ ಜಗಳ ಹೇಳಿಕೊಂಡು ನಗುವಾಗ ಇವನಿಗೆ ಹೇಳೋಕೆ ಏನೂ ಇರುತ್ತಿರಲಿಲ್ಲ. ಯಾರಾದರೂ ಆ ದಾರಿ ಹಿಡಿಯುವುದಾದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ವೈಂಡಿಂಗ್ ಅಂಗಡಿ (ಈಗ ರಿಟೈರ್ಡ್)

ಮೇಷ್ಟ್ರೇ, ನಲವತ್ತು ವರ್ಷ ಮೋಟರ್ ಕಟ್ಟಿದ್ದೀನಿ. ವೋಲ್ಟೇಜ್ ಬಿದ್ದರೆ ಸುಡುತ್ತೆ ಅಂತ ಗೊತ್ತಿತ್ತು, ಯಾಕೆ ಅಂತ ಇವತ್ತು ಓದಿದೆ. ನನ್ನ ಹತ್ತಿರ ಹಳೇ ಕ್ಲ್ಯಾಂಪ್ ಮೀಟರ್ ಒಂದಿದೆ. ವೈರ್ ಮುಟ್ಟಂಗಿಲ್ಲ, ಹೊರಗಿಂದ ಹಿಡಿದರೆ ಆಂಪ್ಸ್ ತೋರಿಸುತ್ತೆ. ಬಸ್ಸಿಗೆ ಹಾಕಿ ಕಳಿಸಲಾ? ಆ ಹುಡುಗ ಈಗೇನು ಮಾಡ್ತಾನೆ?

ವಿಜ್ಞಾನದ ಮೇಷ್ಟ್ರು

ಖಂಡಿತ ಕಳಿಸಿ ಅಣ್ಣಾ, ಬಸ್ ಚಾರ್ಜು ನನ್ನದು. ನಾನು ಪಕ್ಕದಲ್ಲಿದ್ದಾಗ ಮಾತ್ರ ಮಕ್ಕಳ ಕೈಗೆ ಕೊಡುತ್ತೇನೆ.

ಹುಡುಗ ವಿಜ್ಞಾನದಲ್ಲಿ 80ಕ್ಕೆ 41 ತೆಗೆದ. ಸಿನಿಮಾದಲ್ಲಿ ಆದಂತೆ 79 ಏನೂ ಬರಲಿಲ್ಲ. ಈಗ ಡಿಪ್ಲೊಮಾ ಎಲೆಕ್ಟ್ರಿಕಲ್. ಅಲ್ಲಿ ಎಲ್ಲ ಇಂಗ್ಲಿಷ್, ಒಂದು ವಿಷಯ ಹಿಂದೆ ಉಳಿಸಿಕೊಂಡಿದ್ದಾನೆ. ಮೊನ್ನೆ ಫೋನ್ ಮಾಡಿ, 'ಸಾ, ಇಂಡಕ್ಷನ್ ಅಂದ್ರೆ ನಮ್ಮ ಪ್ರೇರಣೆ ತಾನೇ?' ಅಂತ ಕೇಳಿದ.

ಹತ್ತನೇ ಕ್ಲಾಸ್ ಹುಡುಗಿ

ಸರ್, ನಾನು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಅಪ್ಪನ ಫೋನು. ನನಗೆ ಯಾವ ಆಸಕ್ತಿಯೂ ಇಲ್ಲ. ಎಲ್ಲರೂ ಕೇಳ್ತಾರೆ. ಕೇಳಿದಾಗೆಲ್ಲ ಭಯ ಆಗುತ್ತೆ, ನನ್ನಲ್ಲೇ ಏನೋ ಕಮ್ಮಿ ಇದೆ ಅನಿಸುತ್ತೆ. ನನ್ನ ಫ್ರೆಂಡ್ ಡ್ಯಾನ್ಸ್ ಮಾಡ್ತಾಳೆ, ಇನ್ನೊಬ್ಬಳು ಚಿತ್ರ ಬರೀತಾಳೆ. ನಾನು ಬರೀ ಓದ್ತೀನಿ, ಮಲಗ್ತೀನಿ.

ಹೊಲಿಗೆ ಬಿಟ್ಟವಳು

ಪುಟ್ಟಾ, ನನಗೆ ಗೊತ್ತಾಗಿದ್ದು ಮೂವತ್ತಕ್ಕೆ. ನಿನಗೆ ಇನ್ನೂ ಟೈಮಿದೆ. ಹಾಯಾಗಿ ಮಲಗು.

ಹಾಸನದ ಗಣಿತ ಮೇಡಂ

ಆಸಕ್ತಿ ಬಿಡಮ್ಮ. ಮೇಷ್ಟ್ರ ಎರಡನೇ ಪ್ರಶ್ನೆ ತಗೋ. ದಿನಾ ನಿನಗೆ ಸಿಟ್ಟು ಬರಿಸೋದು ಏನು?

ಹತ್ತನೇ ಕ್ಲಾಸ್ ಹುಡುಗಿ

ಬಸ್ಸು ಮಿಸ್. 8.10ಕ್ಕೆ ಬರಬೇಕು. ಯಾವತ್ತೂ ಬರಲ್ಲ. ಲೇಟಾಗಿ ಹೋದ್ರೆ ಪ್ರಾರ್ಥನೆ ಮುಗಿಯೋವರೆಗೆ ಗೇಟ್ ಹತ್ತಿರ ನಿಲ್ಲಿಸ್ತಾರೆ.

ಹಾಸನದ ಗಣಿತ ಮೇಡಂ

ಹಾಗಾದರೆ ಮೂವತ್ತು ದಿನ ಟೈಮ್ ಬರ್ಕೋ. ಗಡಿಯಾರ ನೋಡೋದು, ಬರೆಯೋದು, ಅಷ್ಟೇ. ಸಂಖ್ಯಾಶಾಸ್ತ್ರದ ಪಾಠ ಬರುವ ಹೊತ್ತಿಗೆ ನಿನ್ನ ಹತ್ತಿರ ಪಟ್ಟಿ ಇರುತ್ತದೆ. ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ತೆಗಿ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಆಮೇಲೆ ಮಾತಾಡೋಣ.

ತುಮಕೂರಿನ ಸಹಶಿಕ್ಷಕ

ಆ ಪಟ್ಟಿಯನ್ನು ನಿಮ್ಮ ಗಣಿತ ಶಿಕ್ಷಕರಿಗೆ ತೋರಿಸು ಮಗಳೇ. ಎಫ್‌ಎ (ಆಂತರಿಕ ಅಂಕದ) ಚಟುವಟಿಕೆಗೆ ಹಾಕಿಕೊಳ್ಳಿ ಅಂತ ಕೇಳು. ಹಾಕಿಕೊಳ್ಳುತ್ತಾರೆ. (ನಾನಾದರೆ ಹಾಕಿಕೊಳ್ಳುತ್ತೇನೆ. ಮೇಷ್ಟ್ರು ನಗೋದು ಬೇಡ.)

ಹತ್ತನೇ ಕ್ಲಾಸ್ ಹುಡುಗಿ

ಮಿಸ್, ಒಂದು ವಾರದ್ದು ಬರೆದಿದ್ದೀನಿ. ಸೋಮವಾರ 8.22. ಮಂಗಳವಾರ 8.15. ಬುಧವಾರ 8.40. ಗುರುವಾರ ಬಸ್ಸೇ ಬರಲಿಲ್ಲ, ಆಟೋದಲ್ಲಿ ಹೋದೆ. ಶುಕ್ರವಾರ 8.17. ಶನಿವಾರ ಬೆಳಿಗ್ಗೆ ಕ್ಲಾಸು, ಅದಕ್ಕೆ ಬೇರೆ ಬಸ್ಸು, ಅದನ್ನ ಸೇರಿಸಿಲ್ಲ.

ಬರದೇ ಇದ್ದ ದಿನಕ್ಕೆ ಎಷ್ಟು ನಿಮಿಷ ಲೇಟು ಅಂತ ಹಾಕಲಿ? ಸೊನ್ನೆ ಹಾಕಿದರೆ ಟೈಮಿಗೆ ಬಂದ ಹಾಗೆ ಆಗುತ್ತಲ್ಲ?